ಹತ್ತು ಸಾಲಿಗೆ ನಿಂತ ಧಾರಣೆ

ದೇಶದ ಕೃಷಿ ಮಾರುಕಟ್ಟೆಗಳ ದಿನದ ಧಾರಣೆಯನ್ನು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಸಂಗ್ರಹಿಸುತ್ತದೆ. 2012ರಲ್ಲಿ ಆರಂಭವಾದ ಸರ್ಕಾರದ ಮುಕ್ತ ದತ್ತಾಂಶ ವೇದಿಕೆಯು ಅದನ್ನು ಗಣಕಗಳು ನೇರವಾಗಿ ಓದಬಲ್ಲ ರೂಪದಲ್ಲಿ ಉಚಿತವಾಗಿ ನೀಡುತ್ತದೆ. ಮಾರುಕಟ್ಟೆ, ತಳಿ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಹೆಚ್ಚಿನ ಮಾಲು ಮಾರಾಟವಾದ ಮಾದರಿ ಬೆಲೆ ಎಲ್ಲವೂ ಅಲ್ಲಿವೆ. ಪದವಿ ತರಗತಿಯ ಸಂಖ್ಯಾಶಾಸ್ತ್ರ ಯೋಜನೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಬ್ಯಾಡಗಿ ಮೆಣಸಿನಕಾಯಿಯನ್ನು ಕಣ್ಣೆದುರೇ ಕಾಣುವ ಹಾವೇರಿ, ರಾಣೆಬೆನ್ನೂರಿನ ವಿದ್ಯಾರ್ಥಿಗಳಿಗಂತೂ ಇದು ಮನೆಯಂಗಳದ ಪ್ರಯೋಗಶಾಲೆ.

ಆದರೆ ಈ ವೇದಿಕೆಯ ಡಿಫಾಲ್ಟ್ ಮಿತಿ 10 ದಾಖಲೆ. ಡಿಫಾಲ್ಟ್ ಎಂದರೆ ನಾವು ಏನೂ ಹೇಳದಿದ್ದಾಗ ತಂತ್ರಾಂಶ ತಾನಾಗಿ ಇಟ್ಟುಕೊಳ್ಳುವ ಮೌಲ್ಯ. ಎಲ್ಲರಿಗೂ ತೋರಿಸಿರುವ ಮಾದರಿ ಕೀಲಿಯನ್ನು ಬಳಸಿದರೆ, ಹೆಚ್ಚು ಬೇಡಿದರೂ ಬರುವುದು ಹತ್ತೇ.

ಮಿತಿ ಇರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸಾವಿರಾರು ಜನ ಹಂಚಿಕೊಳ್ಳುವ ಸರ್ವರ್‌ನಲ್ಲಿ ಒಬ್ಬನ ಅಜಾಗರೂಕ ಪ್ರಶ್ನೆ ಉಳಿದವರನ್ನು ಕಾಯಿಸಬಾರದು. ಎಲಾಸ್ಟಿಕ್‌ಸರ್ಚ್ ಕೂಡ ಕೇಳದಿದ್ದರೆ 10 ಫಲಿತಾಂಶಗಳನ್ನೇ ಕೊಡುತ್ತದೆ. ಮೆಟಾಬೇಸ್ ಬಿಡಿ ದಾಖಲೆಗಳನ್ನು 2,000ಕ್ಕೆ ನಿಲ್ಲಿಸುತ್ತದೆ. ತಕರಾರು ಇರುವುದು ಮಿತಿ ಬಿದ್ದ ಸಂಗತಿ ಎಷ್ಟು ಎದ್ದು ಕಾಣುತ್ತದೆ ಎಂಬುದರ ಬಗ್ಗೆ. ನಮ್ಮ ವೇದಿಕೆಯ ಉತ್ತರದಲ್ಲಿ ಒಟ್ಟು ದಾಖಲೆಗಳೆಷ್ಟು ಎಂಬ ಸಂಖ್ಯೆ ಇರುತ್ತದೆ, ನಿಜ. ಆದರೆ ವಿದ್ಯಾರ್ಥಿ ಸಾಲುಗಳನ್ನಷ್ಟೇ ಎತ್ತಿ ಎಕ್ಸೆಲ್‌ಗೆ ಹಾಕಿಕೊಂಡಾಗ ಆ ಸಂಖ್ಯೆ ಹಿಂದೆಯೇ ಉಳಿದುಬಿಡುತ್ತದೆ.

ಈಗ ಆತ ಸರಾಸರಿ ತೆಗೆಯುತ್ತಾನೆನ್ನಿ. ಹತ್ತು ದಾಖಲೆಗಳನ್ನು ಯಾದೃಚ್ಛಿಕವಾಗಿ ಆರಿಸಿದ್ದರೆ, ಮಾನಕ ವಿಚಲನೆಯನ್ನು 10ರ ವರ್ಗಮೂಲದಿಂದ ಭಾಗಿಸಿ ಸರಾಸರಿಯ ದೋಷವನ್ನು ಅಂದಾಜಿಸಬಹುದಿತ್ತು. ಆದರೆ ಇವು ಸಾಲಿನಲ್ಲಿ ಮೊದಲು ನಿಂತ ಹತ್ತು. ಆ ಸಾಲು ರಾಜ್ಯದ ಹೆಸರಿನಂತೆಯೋ, ದಾಖಲೆ ಸೇರಿದ ಕ್ರಮದಂತೆಯೋ ಇದ್ದರೆ ನಮ್ಮ ದೋಷಸೂತ್ರಕ್ಕೆ ಅಲ್ಲಿ ಕೆಲಸವೇ ಇಲ್ಲ. ಸರ್ವರ್ ಎಲ್ಲ ದಾಖಲೆಗಳ ಸರಾಸರಿ ಲೆಕ್ಕಿಸಿದ ಮೇಲೆ ಮಿತಿ ಬಿದ್ದರೆ ತೊಂದರೆಯಿಲ್ಲ. ಮಿತಿ ಬಿದ್ದ ಮೇಲೆ ಸರಾಸರಿ ತೆಗೆದರೆ ಉತ್ತರ ಹಾಳು. ಈ ಎರಡರ ವ್ಯತ್ಯಾಸವನ್ನು ಕಲಿಸುವ ಪಠ್ಯ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ.

ಇಂಥ ಮೌನ ಮಿತಿ ಎಷ್ಟು ದುಬಾರಿಯಾಗಬಲ್ಲದೆಂದು ಇಂಗ್ಲೆಂಡ್ 2020ರಲ್ಲಿ ಕಂಡಿತು. 65,536 ಸಾಲು ಮಾತ್ರ ಹಿಡಿಯುವ ಹಳೆಯ ಎಕ್ಸೆಲ್ ಕಡತದಿಂದಾಗಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಅವರ ಸಂಪರ್ಕಕ್ಕೆ ಬಂದವರ ಪತ್ತೆ ತಡವಾಯಿತು.

ಕಾಲಾವಧಿಯ ಡಿಫಾಲ್ಟ್ ಇನ್ನೂ ಸೂಕ್ಷ್ಮ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟಿನ ದಿನಗಳು ಸೋಮವಾರ ಮತ್ತು ಗುರುವಾರ. ‘ಇಂದಿನ ಬೆಲೆ’ ಎಂದು ಮಂಗಳವಾರ ಕೇಳಿದರೆ ಸಾಲು ಬರದಿರುವುದೇ ಸರಿಯಾದ ಉತ್ತರ. ಆ ಖಾಲಿ ಜಾಗವನ್ನು 0 ಎಂದು ತುಂಬಿಕೊಳ್ಳುವ ನಕ್ಷೆ ತಂತ್ರಾಂಶದಲ್ಲಿ ಮಾತ್ರ ಬೆಲೆ ವಾರಕ್ಕೆರಡು ಬಾರಿ ನೆಲಕ್ಕೆ ಬೀಳುತ್ತದೆ! 2024ರ ಮಾರ್ಚ್ 11ರ ಸೋಮವಾರ, ನಿಜವಾಗಿಯೇ ಬೆಲೆ ಕುಸಿದಾಗ, ಸಿಟ್ಟಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಆ ಘಟನೆಗೂ ಗಣಕಕ್ಕೂ ಸಂಬಂಧ ಕಲ್ಪಿಸಬೇಕಿಲ್ಲ. ಬೆಲೆಯ ಅಂಕಿ ಅಲ್ಲಿ ಎಷ್ಟು ಬಿಸಿಯಾದ ವಸ್ತು ಎಂಬುದಕ್ಕೆ ಅಷ್ಟು ಸಾಕು.

ವೇದಿಕೆ ಮಾಡಬೇಕಾದ್ದು ಹೆಚ್ಚೇನಿಲ್ಲ. ‘ಇಷ್ಟರಲ್ಲಿ 10’ ಎಂಬುದನ್ನು ಇಳಿಸಿಕೊಂಡ ಕಡತದ ತಲೆಯಲ್ಲೇ ಮುದ್ರಿಸಲಿ, ಸಾಲುಗಳ ಕ್ರಮ ಯಾವುದೆಂದು ತಿಳಿಸಲಿ. ಅಧ್ಯಾಪಕರು ಅದಕ್ಕಾಗಿ ಕಾಯಬೇಕಿಲ್ಲ. ವರ್ನಿಯರ್‌ನ ಕನಿಷ್ಠ ಅಳತೆಯನ್ನು ಮೊದಲು ಬರೆಸುವಂತೆ, ಮಿತಿ, ಕ್ರಮ, ಅವಧಿ ಮತ್ತು ಒಟ್ಟು ದಾಖಲೆಗಳ ಸಂಖ್ಯೆಯನ್ನು ರೆಕಾರ್ಡ್ ಪುಸ್ತಕದಲ್ಲಿ ಕೋಷ್ಟಕಕ್ಕಿಂತ ಮೇಲೆ ಬರೆಸಬಹುದು. ಬರೆಯದ ಯೋಜನೆಗೆ ಅಂಕ ಕಳೆಯಬಹುದು.