ಗೇರೂ ಅದೇ, ಕಿಕ್ಕೂ ಅದೇ

ಜಾವಾ ಮತ್ತು ಯೆಜ್ಡಿ ಎಂಬ ಎರಡು ನಾಮಧೇಯಗಳ ಮುಂದಿನ ಗತಿಯೇನು, ಅವುಗಳ ಈಗಿನ ಒಡೆಯರು ಗಾಡಿಯ ರೂಪನಿರ್ಮಾಣವನ್ನು ಯಾವ ದಿಕ್ಕಿಗೆ ತಿರುಗಿಸುತ್ತಿದ್ದಾರೆ ಎಂಬುದನ್ನು ಈ ವಾರ ವಿಚಾರಿಸುವುದಾಗಿ ಕಳೆದ ವಾರ ಮಾತು ಕೊಟ್ಟಿದ್ದೆನಷ್ಟೆ. ಆ ಮಾತನ್ನು ಉಳಿಸಿಕೊಳ್ಳುವ ಸಂಕಲ್ಪದಿಂದಲೇ ಬುಧವಾರ ಬೆಳಗ್ಗೆ ಕಾಗದ ಲೇಖನಿಗಳನ್ನು ಮುಂದಿಟ್ಟುಕೊಂಡು ಕುಳಿತವನು, ಬರಹವು ಪತ್ರಿಕಾಲಯವನ್ನು ಮುಟ್ಟಬೇಕಾದ ಗುರುವಾರದ ಸಂಜೆ ಇನ್ನೂ ದೂರವಿದೆಯೆಂಬ ಭಂಡಧೈರ್ಯದಿಂದ, ಸರಗೂರಿನ ಪೇಟೆಯವರೆಗೆ ಒಮ್ಮೆ ಹೋಗಿಬಂದು ಬರೆದರಾಯಿತೆಂದು ಎದ್ದೆ. ಎದ್ದದ್ದೇ ತಪ್ಪಾಯಿತು. ಅದು ಹೇಗೆಂಬುದನ್ನು ಆಮೇಲೆ ಹೇಳುವೆನು. ಮೊದಲು ವಾಗ್ದಾನದ ಋಣ ತೀರಲಿ.

ಖಾಯಂ ಓದುಗರಿಗೆ ಪೂರ್ವಕಥೆ ಬೇಕಿಲ್ಲ. 1961, ಯಾದವಗಿರಿ, 1996 ಎಂದರೆ ಸಾಕು, ಮಿಕ್ಕದ್ದನ್ನು ಅವರೇ ನನಗೆ ಹೇಳಬಲ್ಲರು. ಆ ಕಡೆಯ ಇಸವಿಯಲ್ಲಿ 1961ರಲ್ಲಿ ಗಾಡಿ ತಯಾರಿಸತೊಡಗಿದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬಾಗಿಲು ಮುಚ್ಚಿದ ಮೇಲೆ ಇಪ್ಪತ್ತೆರಡು ವರ್ಷಗಳ ತರುವಾಯ, ಮಹೀಂದ್ರದವರ ಬಂಡವಾಳದ ಬಲದಿಂದಲೂ, ಆ ಕಾರ್ಖಾನೆಯನ್ನು ಕಟ್ಟಿದ ರುಸ್ತುಂ ಇರಾನಿಯವರ ಪುತ್ರ ಬೊಮನ್ ಇರಾನಿ ಮತ್ತು ಅನುಪಮ್ ಥರೇಜಾ ಅವರ ಉತ್ಸಾಹದಿಂದಲೂ ಹುಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು 2018ರ ನವೆಂಬರ್ 15ರಂದು ಜಾವಾ ಹೆಸರಿನ ಹೊಸ ಗಾಡಿಗಳನ್ನು ಜನರ ಮುಂದೆ ನಿಲ್ಲಿಸಿತು. 2022ರ ಜನವರಿಯಲ್ಲಿ ಅದೇ ಕಾರ್ಖಾನೆಯ ಇನ್ನೊಂದು ಹೆಸರಾದ ಯೆಜ್ಡಿಯೂ ಮರಳಿತು. ಎರಡೂ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನ ನೀರು ಕುಡಿದು ಬೆಳೆದ ಹೆಸರು ಮಾಳವದಲ್ಲಿ ಮರುಹುಟ್ಟು ಪಡೆದದ್ದಕ್ಕೆ ನಮ್ಮವರು ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ. ಜಾವಾ ಎಂಬುದೇ ಪ್ರಾಗ್ ನಗರದ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಎಂಬ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ಹುಟ್ಟಿದ ಪದವಾಗಿರುವಾಗ, ತವರಿನ ವಿಚಾರದಲ್ಲಿ ನಾವು ಅಷ್ಟು ಬಿಗಿಯಾಗುವುದು ನ್ಯಾಯವಲ್ಲ.

ಪೇಟೆಯ ಲೆಕ್ಕಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲುಗಳ ಮೇಲಣ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆ ಗೆರೆಯನ್ನು ದಾಟಿದವಕ್ಕೆ ಶೇಕಡಾ 40 ಬಿತ್ತು. ಇವರ ಜಾವಾ, ಯೆಜ್ಡಿ ಎಂಜಿನ್ನುಗಳು 293 ಮತ್ತು 334 ಸಿ.ಸಿ.ಯವಾದ್ದರಿಂದ ಗೆರೆಯ ಒಳಗೇ ಉಳಿದುವು; ಇದೇ ಮನೆಯವರು 2024ರಲ್ಲಿ ಇಲ್ಲಿಗೆ ತಂದ 652 ಸಿ.ಸಿ.ಯ ಬಿ.ಎಸ್.ಎ. ಗೋಲ್ಡ್ ಸ್ಟಾರ್ ಹೊರಗೆ ಬಿದ್ದಿತು. ಆದರೆ ತೆರಿಗೆ ಇಳಿದದ್ದು ಇವರೊಬ್ಬರಿಗೇ ಅಲ್ಲವಷ್ಟೆ. ಮದ್ರಾಸಿನ ರಾಯಲ್ ಎನ್‌ಫೀಲ್ಡಿನ 349 ಸಿ.ಸಿ.ಯ ಬುಲೆಟ್ ಗಾಡಿಯೂ ಅದೇ ಜಗಲಿಯ ಮೇಲೆ, ಅದೂ ನಡುಮಧ್ಯದಲ್ಲಿ, ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದೆ.

ಬುಲೆಟ್ಟಿನ ಮಾತು ಬಂದುದರಿಂದ ಒಂದು ಹಳೆಯ ಬಾಕಿಯನ್ನು ಇಲ್ಲಿಯೇ ಚುಕ್ತಾ ಮಾಡಿಬಿಡುವೆನು. ಎಚ್.ಡಿ. ಕೋಟೆಯಲ್ಲಿ ನನಗೆ ಬುಲೆಟ್ ಸಂಪ್ರದಾಯದ ಮಿತ್ರರು ನಾಲ್ವರಿದ್ದಾರೆ. ಜಾವಾ ಎಂಬುದು ಟಪಟಪ ಸದ್ದಿನ, ಹೊಗೆ ಕಾರುವ, ಎಣ್ಣೆ ಬೆರೆಸಿ ಸಾಕಬೇಕಾದ ಪ್ರಾಣಿಯೆಂಬುದು ಅವರ ಪೂರ್ವಪಕ್ಷ. ತಮ್ಮ ಗಾಡಿಯ ಆಂಪಿಯರ್ ಮುಳ್ಳು ನಡುವಿಗೆ ಬರುವವರೆಗೂ ಉಸಿರು ಬಿಗಿಹಿಡಿದು, ಡಿಕಂಪ್ರೆಷನ್ ಲಿವರನ್ನು ಅದುಮಿ, ಇಷ್ಟದೇವತೆಯನ್ನು ಸ್ಮರಿಸಿ ಒದೆದು, ಅದು ತಿರುಗಿ ಒದೆದಾಗ ಮೊಣಕಾಲು ಹಿಡಿದು ಕುಳಿತ ಆ ಬೆಳಗುಗಳನ್ನು ಅವರು ಮರೆತಂತಿದೆ. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ಎಂಬ ಆ ವಿಪರೀತ ಕ್ರಮಕ್ಕೂ ಅವರಲ್ಲಿ ವ್ಯಾಖ್ಯಾನಗಳುಂಟು. ಆದರೂ ಒಂದು ವಿಷಯದಲ್ಲಿ ನಾನು ಸೋಲನ್ನು ಒಪ್ಪಬೇಕು: 1955ರಿಂದ ಈವರೆಗೆ ಮದ್ರಾಸಿನ ಆ ಕುಲುಮೆ ಆರಲಿಲ್ಲ. ಅಲ್ಲಿ ಕೆಲಸ ಕಲಿತವನ ಕೈಕೆಳಗೆ ಇನ್ನೊಬ್ಬ ಕಲಿತ. ಬಿಡಿಭಾಗದ ಅಂಗಡಿಯವನ ಮಗ ಅದೇ ಅಂಗಡಿಯ ಗಲ್ಲಾದಲ್ಲಿ ಕುಳಿತ. ನಮ್ಮ ಜಾವಾ ಪಾಠಶಾಲೆಗೆ ಇಪ್ಪತ್ತೆರಡು ವರ್ಷ ಬೀಗ ಬಿದ್ದಿತ್ತು. ಆ ಅಜ್ಞಾತವಾಸದಲ್ಲಿ ವಿದ್ಯೆಯನ್ನು ಉಳಿಸಿದವರು ಯಾವ ಕಂಪನಿಯವರೂ ಅಲ್ಲ, ಮೈಸೂರಿನ, ಹುಣಸೂರಿನ, ಪಿರಿಯಾಪಟ್ಟಣದ ಬೀದಿಬದಿಯ ಮೇಸ್ತ್ರಿಗಳು. ಪಿಸ್ಟನ್ ಸಿಗದಿದ್ದರೆ ಲೇತ್ ಅಂಗಡಿಯ ಜಗಲಿಯಲ್ಲಿ ದಿನವಿಡೀ ಕುಳಿತು ಇನ್ನಾವುದೋ ಗಾಡಿಯದನ್ನು ಹೊಂದಿಸಿ ತಂದವರು.

ಹೀಗಿರಲು, ‘ಯೆಜ್ಡಿ’ ಎಂಬ ಹೆಸರು ಯಾರದು ಎಂಬ ವ್ಯಾಜ್ಯವನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಒಂದು ಬಗೆಯ ವಿನೋದ ಉಂಟಾಗುತ್ತದೆ. 2022ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಆ ಹೆಸರು ಸಮಾಪನೆಯಲ್ಲಿರುವ ಹಳೆಯ ಕಂಪನಿಯ ಸೊತ್ತೆಂದು ಹೇಳಿತು. ಅಲ್ಲಿಂದ ವಿಷಯ ಮೇಲ್ಮನವಿಗೆ ಏರಿತು. ಕಾನೂನಿನ ಕಣ್ಣಿಗೆ ಹೆಸರೆಂಬುದು ಗದ್ದೆಯಂತೆ. ಅದಕ್ಕೊಂದು ಖಾತೆ ಇರಲೇಬೇಕು. ಉತ್ತವರ ಹೆಸರು ಪಹಣಿಯಲ್ಲಿ ಇರುವುದಿಲ್ಲ.

ಇನ್ನು ರೂಪದ ವಿಚಾರ. ಹೊಸ ಜಾವಾವನ್ನು ಮೈಸೂರಿನಲ್ಲಿ ಮೊದಲು ನೋಡಿದಾಗ ನನ್ನ ಕಣ್ಣು ಹನಿಗೂಡಿತೆಂಬುದನ್ನು ಮುಚ್ಚಿಡಲಾರೆ. ಅದೇ ಅಂಡಾಕಾರದ ಟ್ಯಾಂಕು, ಅದೇ ಕೆಂಗಂದು ಬಣ್ಣ, ಪಕ್ಕದಲ್ಲಿ ಕ್ರೋಮಿಯಂ ಹೊಳಪು, ಹಿಂದಕ್ಕೆ ಚಾಚಿದ ಜೋಡಿ ಸೈಲೆನ್ಸರು. ಜೋಡಿ ಸೈಲೆನ್ಸರನ್ನು ಬರಿಯ ಸೋಗೆಂದು ಹಳಿಯುವವರುಂಟು, ಅದು ತಪ್ಪು. ಹಳೆಯ ಗಾಡಿಯಲ್ಲಿ ಒಂದೇ ಸಿಲಿಂಡರಿಗೆ ಹೊಗೆ ಹೊರಡುವ ಬಾಯಿಗಳು ಎರಡಿದ್ದುವು, ಆದಕಾರಣ ಕೊಳವೆಗಳೂ ಎರಡಾದುವು. ಹೊಸ ಗಾಡಿಯ ಶಿಲ್ಪಿಗಳೂ ಸಿಲಿಂಡರಿಗೆ ಎರಡು ಬಾಯಿ ಕೊರೆದೇ ಕೊಳವೆಗಳನ್ನು ಜೋಡಿಸಿದ್ದಾರೆ. ಅಷ್ಟರಮಟ್ಟಿಗೆ ಅವರದು ಪ್ರಾಮಾಣಿಕ ಕೆಲಸ. ತಮ್ಮ ಮೂಲಪುರುಷ ಫ್ರಾಂಟಿಷೆಕ್ ಯಾನೆಚೆಕ್ಕನ ಮೊದಲಕ್ಷರಗಳನ್ನಿಟ್ಟು 2024ರಲ್ಲಿ ತಂದ 42 ಎಫ್.ಜೆ.ಯಲ್ಲಿ ಅವರು ಮುಖವನ್ನು ತುಸು ಹೊಸಕಾಲದ ಕಡೆಗೆ ತಿರುಗಿಸಿದ್ದಾರೆ. ಯೆಜ್ಡಿ ಅಡ್ವೆಂಚರ್, ಸ್ಕ್ರ್ಯಾಂಬ್ಲರುಗಳಲ್ಲಿ ಕಾಡು ಬೆಟ್ಟಗಳ ಕಡೆಗೆ. ಬ್ರೇಕು ಹಿಡಿದರೆ ನಿಲ್ಲುತ್ತದೆ, ದೀಪ ಹಚ್ಚಿದರೆ ಕಾಣುತ್ತದೆ. ಈ ಎರಡು ಸುಖಗಳನ್ನು ನಮ್ಮ ಆರು ವೋಲ್ಟಿನ ಕಾಲ ಕಂಡದ್ದಿಲ್ಲ. ಇಷ್ಟೆಲ್ಲ ಒಪ್ಪಿದ ಮೇಲೂ ಏನೋ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು. ಅದೇನೆಂದು ಹೊಳೆದದ್ದು ಈ ಬುಧವಾರ, ಕೊಟ್ಟಿಗೆಯಲ್ಲಿ.

ಏಕೆಂದರೆ ಗಾಡಿ ಹೊರಡಲಿಲ್ಲ.

ಶಾಸ್ತ್ರಕಾರರು ತಮಗೆ ಪ್ರಿಯವಾದ ಗ್ರಂಥದಿಂದ ಪುಟಗಟ್ಟಲೆ ಉದ್ಧರಿಸುವ ವಾಡಿಕೆಯುಂಟು. ನನಗೆ ಆ ಗ್ರಂಥ ತಂದೆಯವರು ಬಿಟ್ಟುಹೋದ ಈ 250 ಸಿ.ಸಿ. ಜಾವಾ. ಅದರ ಪ್ರಥಮಾಧ್ಯಾಯವನ್ನಾದರೂ ಇಲ್ಲಿ ಪಾರಾಯಣ ಮಾಡದೆ ಇರಲಾರೆ. ಪೆಟ್ರೋಲಿನ ಕಾಕನ್ನು ತಿರುವಬೇಕು. ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಬೆರಳಿಗೆ ಪೆಟ್ರೋಲು ತಣ್ಣಗೆ ತಾಗುವವರೆಗೆ ಅದುಮಬೇಕು, ಹೆಚ್ಚು ಅದುಮಬಾರದು. ಮೊಳೆಯಂತಹ ಕೀಲಿಯನ್ನು ಹೆಡ್‌ಲೈಟಿನ ನೆತ್ತಿಯಲ್ಲಿ ಚುಚ್ಚಬೇಕು. ಕೀಲಿ ಕಳೆದರೆ ಮೊಳೆಯೇ ಆದೀತೆಂದು ನಮ್ಮ ಕಡೆ ಹೇಳುವುದುಂಟು. ಇಲ್ಲಿಂದ ಮುಂದಿನದು ರಸಘಟ್ಟ. ಎಡಗಾಲಿನ ಬಳಿ ಗೇರಿನ ಲಿವರೊಂದಿದೆ. ಅದನ್ನು ಎಂಜಿನ್ನಿನ ಕಡೆಗೆ ಒಳಕ್ಕೆ ಅದುಮಿ, ಮೇಲಕ್ಕೆತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಲಿವರು ಕಿಕ್ಕರ್ ಆಗಿ ಎದ್ದು ನಿಲ್ಲುತ್ತದೆ. ಒದೆದು ಎಂಜಿನ್ ಹತ್ತಿತೆಂದರೆ ಅದು ವಿಧೇಯ ಶಿಷ್ಯನಂತೆ ತಿರುಗಿ ತನ್ನ ಜಾಗಕ್ಕೆ ಬಂದು ಗೇರಾಗುತ್ತದೆ. ಅದೇ ಲಿವರನ್ನು ಕಾಲಿಂದ ಒತ್ತುವಾಗ ಒಳಗೆ ಕ್ಲಚ್ಚೂ ತಾನಾಗಿಯೇ ಬಿಡುತ್ತದೆಯಾದ್ದರಿಂದ ಕೈಯ ಕ್ಲಚ್ಚು ಹಿಡಿಯದೆಯೂ ಗೇರು ಬದಲಿಸಬಹುದು. ಕಬ್ಬಿಣದ ತುಂಡು ಒಂದು, ಉದ್ಯೋಗ ಮೂರು. ಮಹಾಯುದ್ಧದ ಆಸುಪಾಸಿನಲ್ಲಿ ಕಬ್ಬಿಣಕ್ಕೂ ಕಾಸಿಗೂ ಬಡತನವಿದ್ದ ಒಂದು ಸಣ್ಣ ದೇಶದ ಯಂತ್ರಶಿಲ್ಪಿಗಳು ಈ ಲಿವರನ್ನು ಹೀಗೆ ಮಾಡಿದಾಗ ಅವರು ಅಂದವನ್ನು ಯೋಚಿಸುತ್ತಿದ್ದರೆಂದು ನನಗೆ ತೋರುವುದಿಲ್ಲ. ಅಂದವು ಹಿಂದಿನಿಂದ ತಾನೇ ನಡೆದು ಬಂದಿತು. ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ ವರ್ಷ ಗಾಡಿ ಕೊಂಡ ನಮ್ಮ ಕಡೆಯ ರೈತರೂ ಟ್ಯಾಂಕಿನ ವಕ್ರರೇಖೆಗೆ ಮರುಳಾದವರಲ್ಲ. ಹಿಂದೆ ಎರಡು ಮೂಟೆ ಹೇರಿದರೂ ಏರು ಹತ್ತುತ್ತದೆ, ಚೈನಿನ ಮೇಲೆ ಪೂರ್ತಿ ಡಬ್ಬಿ ಮುಚ್ಚಿರುವುದರಿಂದ ಕೆಸರಿಗೆ ಹೆದರಬೇಕಿಲ್ಲ ಎಂದು ಲೆಕ್ಕ ಹಾಕಿ ಕೊಂಡರು.

ಹೊಸ ಜಾವಾಕ್ಕೆ ಕಿಕ್ಕರೇ ಇಲ್ಲ, ಗುಂಡಿಯೊಂದುಂಟು. ಕಿಕ್ಕರ್ ಬೇಕೇ ಬೇಕೆಂದು ಹಟ ಹಿಡಿಯುವಷ್ಟು ನಾನು ಮುದುಕನಾಗಿಲ್ಲ. ಆದರೆ ಆ ಶಿಲ್ಪಿಗಳ ನಕ್ಷೆಯ ಮೇಜಿನ ಮೇಲೆ ಹಳೆಯ ಟ್ಯಾಂಕಿನ ಪಕ್ಕದಲ್ಲಿ ಈ ಲಿವರೂ ಬಿದ್ದಿರಲೆಂದು ಬೇಡುವೆನು. ಒಂದೇ ಅಂಗಕ್ಕೆ ಮೂರು ಕೆಲಸ ಹೇಳುವ ಆ ಮಿತವ್ಯಯ, ಸರಗೂರಿನ ಮೇಸ್ತ್ರಿ ಒಂದು ಸ್ಪ್ಯಾನರು ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಿ ಜೋಡಿಸಬಲ್ಲ ಆ ಸರಳತೆ ಬಂದರೆ, ಟ್ಯಾಂಕು ಚೌಕವಾದರೂ ನನಗೆ ಅದು ಜಾವಾ.

ಸರಿ, ಒದೆದೆ. ಇಪ್ಪತ್ತು ಸಲವಾದರೂ ಒದೆದಿರಬೇಕು. ಕೊನೆಗೆ ತಳ್ಳಿಕೊಂಡೇ ಪೇಟೆಯ ಮೇಸ್ತ್ರಿಯ ಷೆಡ್ಡಿಗೆ ತಂದು ನಿಲ್ಲಿಸಿದೆ. ಆತ ಪ್ಲಗ್ಗು ಬಿಚ್ಚಿ ಮೂಗಿನ ಬಳಿ ಹಿಡಿದು, ತೊಯ್ದಿದ್ದ ಅದನ್ನು ಅಂಗಿಯ ತುದಿಯಲ್ಲಿ ಒರೆಸಿ, ಎಮರಿ ಕಾಗದದಲ್ಲಿ ಎರಡು ಸಲ ಉಜ್ಜಿ, ತಿರುಗಿ ಹಾಕಿ, “ಮೇಷ್ಟ್ರೇ, ಗಾಡಿ ಏನೂ ಕೆಟ್ಟಿಲ್ಲ. ಪೆಟ್ರೋಲು ಜಾಸ್ತಿ ಕುಡ್ಸಿದ್ದೀರಿ, ಅಷ್ಟೆ” ಎಂದು ಒಂದೇ ಒದೆತಕ್ಕೆ ಹತ್ತಿಸಿ, ತನ್ನ ವಿದ್ಯೆ ನನಗೆ ಚೆನ್ನಾಗಿ ಮನದಟ್ಟಾಗಲೆಂದೋ ಏನೋ, ಕೂಡಲೇ ಆರಿಸಿಬಿಟ್ಟ.

ಅಷ್ಟರಲ್ಲಿ ಒಬ್ಬ ಹುಡುಗ ಬಂದ. ಅವನದು ಹೊಸ ಗಾಡಿ, ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಮೀಟರಿನಲ್ಲಿ ಹಳದಿಯ ದೀಪವೊಂದು ಆರದೆ ಉರಿಯುತ್ತಿತ್ತು. ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತ ನೋಡಿ, “ಇದಕ್ಕೆ ಕಂಪ್ಯೂಟ್ರು ಹಾಕಿ ನೋಡ್ಬೇಕು ಕಣಪ್ಪ, ಮೈಸೂರ್ಗೇ ಹೋಗು” ಎಂದ. ಹುಡುಗ ಹೋಗಲಿಲ್ಲ. ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, “ನಾನೊಂದ್ಸಲ ಸ್ಟಾರ್ಟ್ ಮಾಡ್ಲಾ ಸಾರ್?” ಎಂದು ಕೇಳಿದ. ಆಗಲೆಂದೆ.

ಹತ್ತಿ ಕುಳಿತು, ಬಲಗಾಲನ್ನು ಚಾಚಿ ಕಿಕ್ಕರನ್ನು ತಡಕಿದ. ಅಲ್ಲಿ ಬ್ರೇಕಿನ ಪೆಡಲು ಸಿಕ್ಕಿತು. ಬಗ್ಗಿ ಬಲಗಡೆ ನೋಡಿದ, ಎಡಗಡೆ ನೋಡಿದ, ಗೇರಿನ ಲಿವರನ್ನು ನೋಡಿಯೂ ನೋಡದೆ ದಾಟಿದ, ಇಳಿದು ಮಂಡಿಯೂರಿ ಎಂಜಿನ್ನಿನ ಅಡಿಯಲ್ಲಿ ಇಣುಕಿದ. ಮೇಸ್ತ್ರಿ ಬೀಡಿ ಹಚ್ಚಿಕೊಂಡ. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.