ಎಡಗೈಗೂ ಪಾಠವಾಗಲಿ

ವೀಣೆಯ ಬೆರಳು, ಬೀಟೆ ಮರದಲ್ಲಿ ಕುಸುರಿ ಕೂರಿಸುವ ಕೈ ಇದ್ದವನಿಗೆ ಸರ್ಜರಿ ಸಲೀಸು ಎಂದರೆ ಮೈಸೂರಿನಲ್ಲಿ ಯಾರೂ ಆಕ್ಷೇಪಿಸಲಿಕ್ಕಿಲ್ಲ. ಊರಿನ ಅಭಿಮಾನಕ್ಕೆ ಹಿತವಾದ ಮಾತು. ಆದರೆ ಕೈ ಅಷ್ಟು ಉದಾರಿಯಲ್ಲ; ಯಾವುದರಲ್ಲಿ ಪಳಗಿತೋ ಅದಷ್ಟೇ ಅದಕ್ಕೆ ಬರುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಇದು ಎದ್ದು ಕಾಣುತ್ತದೆ. ಹೊಟ್ಟೆಯ ಸಣ್ಣ ರಂಧ್ರದಲ್ಲಿ ತೂರಿಸಿದ ಉದ್ದನೆಯ ಉಪಕರಣಕ್ಕೆ ಆ ರಂಧ್ರವೇ ಕೀಲು. ಹಿಡಿಯನ್ನು ಬಲಕ್ಕೆ ತಳ್ಳಿದರೆ ತುದಿ ಎಡಕ್ಕೆ ಹೋಗುತ್ತದೆ, ಮೇಲೆತ್ತಿದರೆ ಕೆಳಗಿಳಿಯುತ್ತದೆ. ಕಣ್ಣಿರುವುದು ಕೈಯ ಮೇಲಲ್ಲ, ಪರದೆಯ ಮೇಲೆ. ಅಲ್ಲಿ ಆಳವೂ ಸರಿಯಾಗಿ ತಿಳಿಯದು. ಇಂಥ ತಿರುವುಮುರುವಿಗೆ ಗಮಕದ ಸಾಧನೆ ಎಷ್ಟು ಒದಗೀತು? ವಿಡಿಯೋ ಗೇಮ್ ಆಡಿದರೆ ಇಂಥ ಕೈ ಪಳಗುತ್ತದೆ ಎನ್ನುವವರು 2007ರ ಒಂದು ಅಮೆರಿಕನ್ ಅಧ್ಯಯನವನ್ನು ಮುಂದಿಡುತ್ತಾರೆ. 33 ಸರ್ಜನ್‌ಗಳ ಪೈಕಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಆಡುತ್ತಿದ್ದವರು ಆಡದವರಿಗಿಂತ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆಟ ಕೈಯನ್ನು ಪಳಗಿಸಿತೋ, ಚುರುಕು ಕೈಯೇ ಆಟಕ್ಕೆ ಒಲಿದಿತ್ತೋ, ಇದರಿಂದ ಗೊತ್ತಾಗುವುದಿಲ್ಲ. 2002ರ ಯೇಲ್ ಪ್ರಯೋಗಕ್ಕೆ ಹೆಚ್ಚು ತೂಕವಿದೆ. ಅಲ್ಲಿ 16 ರೆಸಿಡೆಂಟ್‌ಗಳಲ್ಲಿ ಒಂದು ಗುಂಪಿಗೆ ಮಾತ್ರ ಸಿಮ್ಯುಲೇಟರ್ ತರಬೇತಿ ಕೊಟ್ಟರು, ಅದೂ ಇಂತಿಷ್ಟು ಗಂಟೆ ಎಂದಲ್ಲ, ನುರಿತವರ ಮಟ್ಟ ಮುಟ್ಟುವ ತನಕ. ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತಕೋಶ ಬಿಡಿಸುವ ಕೆಲಸವನ್ನು ಅವರು ಶೇ. 29ರಷ್ಟು ಬೇಗ ಮುಗಿಸಿದರು. ತರಬೇತಿಯಿಲ್ಲದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಪಕ್ಕದ ಅಂಗಾಂಶ ಸುಡುವ ಸಂಭವ ಐದು ಪಟ್ಟಿತ್ತು.

ಸಿಮ್ಯುಲೇಟರ್ ದುಬಾರಿ ಎನ್ನುವುದು ಅರ್ಧ ಸತ್ಯ. ಒಂದು ಪೆಟ್ಟಿಗೆ, ಕ್ಯಾಮೆರಾ, ದೀಪ, ಎರಡು ಉಪಕರಣ ಇದ್ದರೆ ಮೊದಲ ಪಾಠ ಶುರುವಾಗುತ್ತದೆ. ಆರು ಪುಟ್ಟ ತುಂಡುಗಳನ್ನು ಒಂದೊಂದಾಗಿ ಗೂಟದಿಂದ ಎಡಗೈಯಲ್ಲಿ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆಯ ಗೂಟಕ್ಕೆ ಸಿಕ್ಕಿಸಬೇಕು. ಆಮೇಲೆ ಅದನ್ನೇ ಉಲ್ಟಾ. ಮಕ್ಕಳಾಟದಂತೆ ಕಾಣುವ ಇದರಲ್ಲಿ ಸೋಮಾರಿ ಎಡಗೈಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆ ಇರುವ ಊರಿನಲ್ಲಿ ರೋಗಿಗಳಿಗೇನು ಕೊರತೆ, ಥಿಯೇಟರ್‌ನಲ್ಲೇ ಕಲಿಯಲಿ ಎನ್ನಬಹುದು. ಆದರೆ ಅಲ್ಲಿ ಕೆಲಸ ಬಿಗಿಯಾದ ಕೂಡಲೇ ಹಿರಿಯರು ಉಪಕರಣ ಇಸಿದುಕೊಳ್ಳುತ್ತಾರೆ, ಇಸಿದುಕೊಳ್ಳಲೇಬೇಕು. ಹತ್ತು ಸಲ ಮಾಡಿ ಕಲಿಯಬೇಕಾದ ಜಾಗವೇ ಹೀಗೆ ಕಲಿಯುವವನ ಕೈತಪ್ಪುತ್ತದೆ. ಯಾವ ನಾಳವನ್ನು ಕತ್ತರಿಸಬಾರದೆಂಬ ವಿವೇಕವನ್ನು ಪೆಟ್ಟಿಗೆ ಕಲಿಸುವುದಿಲ್ಲ, ನಿಜ. ಆದರೆ ಕೈಯ ಚಿಂತೆ ತಪ್ಪಿದ ಮೇಲಷ್ಟೇ ಮನಸ್ಸು ಆ ವಿವೇಕಕ್ಕೆ ಬಿಡುವಾಗುವುದು. ಇಂಥ ಅಭ್ಯಾಸಕ್ಕೆ ಜಾಗವೂ ಇದೆ: 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದ ಜತೆಗೆ ವೈದ್ಯಕೀಯ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಕಡ್ಡಾಯವಾಯಿತು. ಇನ್ನು ಮುಖ್ಯವಾದದ್ದು ವೇಳಾಪಟ್ಟಿ. ಒಂದೇ ದಿನ ನಾಲ್ಕು ಪಾಠ ಕಲಿತವರಿಗಿಂತ, ಅವನ್ನೇ ವಾರಕ್ಕೊಂದರಂತೆ ಕಲಿತವರ ಕೈ ತಿಂಗಳ ಬಳಿಕ ಮೇಲಾಗಿತ್ತೆಂದು 2006ರ ಕೆನಡಾದ ಪ್ರಯೋಗ ತೋರಿಸಿದೆ. ಹಾಗಾಗಿ ಸರ್ಟಿಫಿಕೇಟು, ಊಟ, ಗ್ರೂಪ್ ಫೋಟೋಗಳ ಒಂದು ದಿನದ ಕಾರ್ಯಾಗಾರಕ್ಕಿಂತ, ಡ್ಯೂಟಿ ಮುಗಿಸಿ ಬರುವ ಪಿಜಿಗಳಿಗೆ ವಾರವಾರವೂ ಸಂಜೆ ಆ ಲ್ಯಾಬಿನ ಬೀಗ ತೆಗೆದಿಡುವುದು ಮೇಲು.