ಎಣಿಸಿಟ್ಟ ಕಪ್ಪೆಗಳು

ಕೈಗೆ ಸಿಗದ ಕೆಲಸಕ್ಕೆ ನಮ್ಮಲ್ಲಿ ‘ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ’ ಅನ್ನುತ್ತಾರೆ. ಅಮೆರಿಕದ ಪರಿಸರ ವಿಜ್ಞಾನಿ ಕ್ಯಾರೆನ್ ಲಿಪ್ಸ್ ಮೂರು ದಶಕ ಮಾಡಿಕೊಂಡು ಬಂದದ್ದು ಹೆಚ್ಚುಕಡಿಮೆ ಅದನ್ನೇ. ಗಾದೆಯ ಕಪ್ಪೆಗಳು ತಕ್ಕಡಿಯಿಂದ ಹಾರಿ ಹೋಗುತ್ತವೆ. ಲಿಪ್ಸ್ ಎಣಿಸಿದವು ಸತ್ತು ಹೋದವು.

1990ರ ದಶಕದ ಆರಂಭದಲ್ಲಿ ಅವರು ಕೋಸ್ಟರಿಕದ ಲಾಸ್ ಟಬ್ಲಾಸ್ ಬೆಟ್ಟಗಳಲ್ಲಿ ಒಂದು ಮರಗಪ್ಪೆಯ ಬದುಕನ್ನು ಅಭ್ಯಸಿಸುತ್ತಿದ್ದರು. ಸ್ವಲ್ಪ ಕಾಲ ಬಿಟ್ಟು ಮರಳಿದಾಗ ತೊರೆಗಳು ಬಹುಪಾಲು ಖಾಲಿ. ಹೆಣವೊಂದೂ ಸಿಗದ ಕೊಲೆಯಂತಿತ್ತು ಅದು. ಅದೇ ದೇಶದ ಮಾಂಟೆವೆರ್ಡೆಯ ಹೊಂಬಣ್ಣದ ಕಪ್ಪೆ 1989ರ ನಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬರಗಾಲ, ಆಮ್ಲ ಮಳೆ, ಬಿಸಿಲಿನ ನೇರಳಾತೀತ ಕಿರಣ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಗಡಿ ದಾಟಿ ಪನಾಮಾದ ಫೋರ್ಟುನಾಕ್ಕೆ ಹೋದ ಲಿಪ್ಸ್‌ಗೆ ಅಲ್ಲಿ ಸತ್ತ, ಸಾಯುತ್ತಿದ್ದ ಕಪ್ಪೆಗಳೇ ಸಿಕ್ಕವು. ಆಸ್ಟ್ರೇಲಿಯದ ಸಂಶೋಧಕರ ಜೊತೆಗೂಡಿ 1998ರಲ್ಲಿ ಪ್ರಕಟಿಸಿದ ಪ್ರಬಂಧ ಕೊಲೆಗಾರನನ್ನು ತೋರಿಸಿತು: ಚರ್ಮಕ್ಕೆ ಹತ್ತುವ ಕೈಟ್ರಿಡ್ ಶಿಲೀಂಧ್ರ. ಕಪ್ಪೆ ನೀರು ಕುಡಿಯುವುದೂ ಒಂದಷ್ಟು ಉಸಿರಾಡುವುದೂ ಚರ್ಮದಿಂದಲೇ. ಚರ್ಮ ಕೆಟ್ಟರೆ ರಕ್ತದ ಲವಣಗಳ ಹದ ತಪ್ಪಿ ಹೃದಯ ನಿಲ್ಲುತ್ತದೆ ಎಂಬುದು 2009ರಲ್ಲಿ ಬೇರೆಯವರ ಪ್ರಯೋಗದಿಂದ ಗೊತ್ತಾಯಿತು.

ಇಷ್ಟಕ್ಕೇ ನಿಂತಿದ್ದರೆ ಲಿಪ್ಸ್ ಒಳ್ಳೆಯ ಪತ್ತೇದಾರಿಣಿ ಮಾತ್ರ ಆಗಿರುತ್ತಿದ್ದರು. ಲಾಸ್ ಟಬ್ಲಾಸ್‌ನಿಂದ ಫೋರ್ಟುನಾಕ್ಕೆ ಗೆರೆ ಎಳೆದರೆ ರೋಗ ಪೂರ್ವಕ್ಕೆ ನಡೆಯುತ್ತಿದೆ ಅನ್ನುವುದು ಕಾಣುತ್ತದೆ. ಅವರು ರೋಗಕ್ಕಿಂತ ಮುಂದೆ ಹೋಗಿ ಪನಾಮಾದ ಎಲ್ ಕೋಪೆಯ ಕಾಡಿನಲ್ಲಿ ಕಾದು ಕುಳಿತರು. ಗೊತ್ತುಮಾಡಿದ ತೊರೆ, ಗೊತ್ತುಮಾಡಿದ ದಾರಿಗಳಲ್ಲಿ ರಾತ್ರಿಗಟ್ಟಲೆ ನಡೆದು, ಕಂಡ ಕಪ್ಪೆಯನ್ನೆಲ್ಲ ಬರೆದುಕೊಂಡು, ಚರ್ಮಕ್ಕೆ ಹತ್ತಿಕಡ್ಡಿ ಸವರಿ ಪರೀಕ್ಷಿಸಿದರು. ವರ್ಷಗಳ ಕಾಲ ರೋಗದ ಸುಳಿವಿರಲಿಲ್ಲ. 2004ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ಸೋಂಕು ಸಿಕ್ಕಿತು. ಕೆಲವೇ ತಿಂಗಳಲ್ಲಿ ಎಂಟು ಕುಟುಂಬಗಳ ಕಪ್ಪೆಗಳು, ಅವುಗಳ ಬಂಧುಗಳಾದ ಸಾಲಮ್ಯಾಂಡರ್‌ಗಳು ಸತ್ತು ಬಿದ್ದವು. 2010ರ ಲೆಕ್ಕದಂತೆ ಅಲ್ಲಿಂದ ಕಾಣೆಯಾದ ಪ್ರಭೇದಗಳು 30. ಅವುಗಳಲ್ಲಿ ಐದಕ್ಕೆ ವಿಜ್ಞಾನ ಇನ್ನೂ ಹೆಸರೇ ಇಟ್ಟಿರಲಿಲ್ಲ. ನಾಮಕರಣಕ್ಕೆ ಮೊದಲೇ ತಿಥಿ.

ಸಾವು ಬರುತ್ತದೆಂದು ಗೊತ್ತಿದ್ದೂ ಎಣಿಸುತ್ತ ಕೂತದ್ದು ಸರಿಯೇ? ಈ ಪ್ರಬಂಧಗಳನ್ನು ಓದುವಾಗ ನನಗೆ ಇರುಸುಮುರುಸಾದದ್ದುಂಟು. ಆದರೆ ಕಾಡಿಗೆ ಕಾಡನ್ನೇ ಗುಣಪಡಿಸುವ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೆಲವರು ಕಪ್ಪೆಗಳನ್ನು ಹಿಡಿದು ಪನಾಮಾದ ಎಲ್ ವಾಯೆ ಊರಿನ ಹೋಟೆಲ್ ಕೋಣೆಗಳಲ್ಲಿ ಇಟ್ಟು ಸಾಕಿದರು; ದೊಡ್ಡ ಕೆಲಸವೇ, ಆದರೆ ಹೋಟೆಲಿನಲ್ಲಿ ಎಷ್ಟು ಕಪ್ಪೆ ಹಿಡಿಸೀತು? ಲಿಪ್ಸ್ ಉಳಿಸಿದ್ದು ‘ಮೊದಲು ಹೇಗಿತ್ತು’ ಎಂಬ ಲೆಕ್ಕವನ್ನು. ಪಶ್ಚಿಮ ಘಟ್ಟದ ಕಪ್ಪೆಗಳ ಮೈಮೇಲೂ ಈ ಶಿಲೀಂಧ್ರದ ಏಷ್ಯಾದ್ದೇ ಒಂದು ತಳಿ ಸಿಕ್ಕಿರುವುದರಿಂದ ನಮಗೂ ಇದು ದೂರದ ಮಾತಲ್ಲ.

ಆ ಲೆಕ್ಕದ ಬೆಲೆ ಪೂರ್ತಿ ತಿಳಿದದ್ದು 2020ರಲ್ಲಿ. ಪರಿಸರ ವಿಜ್ಞಾನಿ ಎಲಿಸ್ ಜಿಪ್‌ಕಿನ್ ಜೊತೆ ಸೇರಿ ಲಿಪ್ಸ್ ಎಲ್ ಕೋಪೆಯ ಅದೇ ದಾರಿಗಳಲ್ಲಿ ಬರೆದಿಟ್ಟಿದ್ದ ಹಾವುಗಳ ದಾಖಲೆ ತೆರೆದರು; ಹಲವು ಹಾವುಗಳಿಗೆ ಕಪ್ಪೆಯೇ ಆಹಾರ. ಕಪ್ಪೆಗಳು ಸಾಯುವ ಮೊದಲು ಕಂಡ ಹಾವಿನ ಪ್ರಭೇದ 30, ಆಮೇಲೆ 21. ಒಂದೆರಡೇ ಸಲ ಕಣ್ಣಿಗೆ ಬೀಳುವ ಹಾವು ಸತ್ತಿತೋ ಅಡಗಿತೋ ಎಂದು ಹೇಳುವುದು ಕಷ್ಟ. ಅದಕ್ಕೇ ಲೇಖಕರು ಪ್ರಭೇದಗಳು ಕಡಿಮೆಯಾಗಿರುವ ಸಾಧ್ಯತೆ ಶೇ. 85 ಎಂದಷ್ಟೇ ಹೇಳಿ ನಿಲ್ಲಿಸುತ್ತಾರೆ. ಅನುಮಾನವನ್ನು ಮುಚ್ಚಿಡದ ಈ ಬರಹವೇ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ.

ಅವರ 2008ರ ಪ್ರಬಂಧದಲ್ಲಿ ಆ ಸಂಯಮ ಇಲ್ಲ. ಕಪ್ಪೆಗಳ ಅಳಿವಿಗೆ ಹವಾಮಾನ ಬದಲಾವಣೆ ಕಾರಣವೆಂದು ಪರಿಸರ ವಿಜ್ಞಾನಿ ಅಲನ್ ಪೌಂಡ್ಸ್ ತಂಡ 2006ರಲ್ಲಿ ವಾದಿಸಿತ್ತು. ಅದಕ್ಕೆ ಎದುರಾಗಿ ಲಿಪ್ಸ್ ರೋಗದ ಅಲೆಯ ನಕಾಶೆ ಬಿಡಿಸಿದರು. ಆ ಅಲೆ ನಿಂತಿರುವುದು ಕೆಲವೇ ಊರು, ಕೆಲವೇ ದಿನಾಂಕಗಳ ಮೇಲೆ.  ಮ್ಯೂಸಿಯಂ ಸೀಸೆಗಳಲ್ಲಿದ್ದ ಮಾಂಟೆವೆರ್ಡೆಯ ಹಳೆಯ ಕಪ್ಪೆಗಳ ಮೇಲೆ 1987ರ ಹೊತ್ತಿಗೇ, ಅಂದರೆ ಅವು ಕಾಣೆಯಾದ ಕಾಲದಲ್ಲೇ, ಶಿಲೀಂಧ್ರ ಇತ್ತೆಂದು 2011ರಲ್ಲಿ ಬೇರೆಯವರು ತೋರಿಸಿದ ಮೇಲೆ ಅಲೆಯ ವಾದಕ್ಕೆ ಬಲ ಬಂತು. ಸರಿ, ಅವರು ಗೆದ್ದರು. ಆದರೆ ಆ ಗೆಲುವು ಅವರ ನಕಾಶೆಯದಲ್ಲ.

ಕಾನೂನಿನ ಕಡೆಗೂ ಅವರು ಕೈ ಹಾಕಿದರು. ಯುರೋಪಿನಲ್ಲಿ ಸಾಲಮ್ಯಾಂಡರ್‌ಗಳನ್ನು ಕೊಲ್ಲುವ ಇನ್ನೊಂದು ಕೈಟ್ರಿಡ್ 2013ರಲ್ಲಿ ಪತ್ತೆಯಾದಾಗ ಅಮೆರಿಕಕ್ಕೆ ಸಾಲಮ್ಯಾಂಡರ್ ಆಮದು ನಿಲ್ಲಿಸಿ ಎಂದು ಒತ್ತಾಯಿಸಿದವರಲ್ಲಿ ಲಿಪ್ಸ್ ಒಬ್ಬರು. 2016ರಲ್ಲಿ 201 ಪ್ರಭೇದಗಳ ಮೇಲೆ ನಿರ್ಬಂಧ ಬಂತು. ಎಲ್ ಕೋಪೆಯಲ್ಲಿ ರೋಗಕ್ಕಿಂತ ಮುಂದೆ ನಿಂತ ಅಭ್ಯಾಸವೇ ಇಲ್ಲೂ ಕಾಣುತ್ತದೆ.

2022ರಲ್ಲಿ ಅರ್ಥಶಾಸ್ತ್ರಜ್ಞರ ಜೊತೆ ಬರೆದ ಪ್ರಬಂಧ ಎಲ್ಲಕ್ಕಿಂತ ಸಾಹಸದ್ದು. ಕೋಸ್ಟರಿಕ, ಪನಾಮಾಗಳಲ್ಲಿ ಕಪ್ಪೆಗಳು ಅಳಿದ ಕಡೆಗಳಲ್ಲಿ ಮುಂದಿನ ಕೆಲವು ವರ್ಷ ಮಲೇರಿಯಾ ಏರಿತು, ಏರಿಕೆ ತುದಿಗೆ ಮುಟ್ಟಿದಾಗ ಸಾವಿರ ಜನಕ್ಕೆ ಸುಮಾರು ಒಂದು ಪ್ರಕರಣ ಹೆಚ್ಚಾಗಿತ್ತು ಅನ್ನುತ್ತದೆ ಅದು. ಗೊದಮೊಟ್ಟೆಗಳು ಸೊಳ್ಳೆಮರಿಗಳನ್ನು ತಿನ್ನುತ್ತವೆ, ಅವುಗಳ ಮೇವಿಗೂ ಪೈಪೋಟಿ ಕೊಡುತ್ತವೆ. ಹಾಗಾಗಿ ವಾದ ನಂಬುವಂತಿದೆ. ಪತ್ರಿಕೆಗಳಿಗೂ ತುಂಬಾ ಹಿಡಿಸಿತು. ಆದರೆ ಕಪ್ಪೆಯ ಲೆಕ್ಕ ಇದೆ, ಕಾಯಿಲೆಯ ಲೆಕ್ಕ ಇದೆ, ನಡುವೆ ಸೊಳ್ಳೆಯ ಲೆಕ್ಕ ಇಲ್ಲ. ಆ ತೊರೆಗಳಲ್ಲಿ ಮೊದಲು ಸೊಳ್ಳೆ ಎಷ್ಟಿತ್ತು ಎಂದು ಲಿಪ್ಸ್ ಅವರ ಹಾಗೆ ಎಣಿಸಿಟ್ಟವರು ಯಾರೂ ಇರಲಿಲ್ಲ.